ಒಪ್ಪತ್ತು

ಎಂಟು ಪ್ರಶ್ನೆ. ಎಂಟಕ್ಕೂ ಒಂದೇ ತಲೆ:
'ಕಳೆದ ಹನ್ನೆರಡು ತಿಂಗಳಲ್ಲಿ, ಹಣವಿಲ್ಲದ ಕಾರಣಕ್ಕೆ...'
ಫಾರಮ್ಮಿಗೆ ಅರವತ್ತು ರೂಪಾಯಿ ನನಗೆ,
ಬೀಗ ಹಾಕಿದ ಮನೆಗೆ ಏನೂ ಇಲ್ಲ.

ತರಬೇತಿಯಲ್ಲಿ ಹೇಳಿಕೊಟ್ಟದ್ದು:
ದನಿ ಏರಿಸಬೇಡಿ, ಉತ್ತರ ಸೂಚಿಸಬೇಡಿ,
ಮರುಕ ಮುಖದ ಮೇಲೆ ಕಾಣಬಾರದು.
ಪುಟ ಹದಿನಾಲ್ಕು, ದಪ್ಪಕ್ಷರ:
ವ್ರತ, ಉಪವಾಸಗಳನ್ನು ಹಸಿವೆಂದು ಎಣಿಸತಕ್ಕದ್ದಲ್ಲ.

ದಾವಣಗೆರೆ, ಮಂಡಕ್ಕಿ ಭಟ್ಟಿಯ ಓಣಿ.
ಹೊಗೆ ಹಿಡಿದು ಗೋಡೆಗಳೆಲ್ಲ ಒಂದೇ ಜಾತಿ.
ಜೈತುನ್‌ಬಿ ಜರಡಿ ಹಿಡಿದೇ ಕೂತಿದ್ದಳು.
ಆಳೆತ್ತರದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ
ಬದಿಗಿಟ್ಟು, ನನಗೆ ಕೂರಲು ಜಾಗ ಮಾಡಿದಳು.
ಮಂಡಕ್ಕಿ ಸೇರಿನಲ್ಲಿ ಅಳೆಯುವಂಥದ್ದು,
ತಕ್ಕಡಿಗೆ ಹಾಕಿದರೆ ಮಾನ ಹೋಗುತ್ತದೆ.

ಊಟದ ಚಿಂತೆ ಇತ್ತೇ?
'ಚಿಂತಿ ಯಾರಿಗಿಲ್ಲವ್ವ. ಇಲ್ಲ ಅಂತ ಬರ್ಕೋ.'
ತಿಂದದ್ದನ್ನೇ ತಿನ್ನಬೇಕಾಯಿತೇ?
'ಅನ್ನ ದಿನಾ ತಿಂದ್ರೂ ಅನ್ನಾನೇ.'
ಒಂದು ಹೊತ್ತು ಬಿಟ್ಟದ್ದುಂಟೇ?
ಜರಡಿ ನಿಂತಿತು.
'ರೋಜಾ ಇದ್ದೆ.'

ರಂಜಾನ್ ಮುಗಿದು ಏಳು ತಿಂಗಳು, ಅಂದೆ.
'ಬಿಟ್ಟುಹೋದದ್ದು ತೀರಿಸ್ತಿದೀನಿ.'
ಎಷ್ಟು ಬಿಟ್ಟಿದ್ದಿರಿ?
'ಏಳು.'
ಮೂಲೆಯಲ್ಲಿ ಹೋಂವರ್ಕ್ ಬರೆಯುತ್ತಿದ್ದ ರುಮಾನಾ
ತಲೆ ಎತ್ತದೆ ಅಂದಳು:
'ಈ ತಿಂಗಳಾಗೇ ಒಂಬತ್ತಾತಲ್ಲಮ್ಮಿ.'

ಕಲ್ಯಾಣ ಮಂಟಪಗಳಲ್ಲಿ ಮಿಕ್ಕ ಊಟ ತರುವ
ವ್ಯಾನಿನ ಬಗ್ಗೆಯೂ ಒಂದು ಕಲಂ ಇದೆ.
ಹುಡುಗಿ ಡಬ್ಬಿ ಹಿಡಿದು ಹೋಗುತ್ತಾಳಂತೆ,
'ಪಕ್ಕದ ಮನಿ ಅಜ್ಜಿಗೆ.'
ಆ ಓಣಿಯಲ್ಲಿ ಎಲ್ಲರೂ
ಪಕ್ಕದ ಮನೆಯ ಅಜ್ಜಿಗೇ ತರುವವರು.
ಇಪ್ಪತ್ತಾರು ಮನೆ ಹತ್ತಿ ಇಳಿದೆ,
ಅಜ್ಜಿ ಯಾವ ಮನೆಯಲ್ಲೂ ಸಿಗಲಿಲ್ಲ.

ಅವಳ ಉತ್ತರ ಒತ್ತಬೇಕು. ಹೌದು, ಇಲ್ಲ, ಗೊತ್ತಿಲ್ಲ.
ಬೆರಳು ಗಾಜಿನ ಮೇಲೆ ನಿಂತಿದೆ.

ಗಿರಣಿ ಬಾಗಿಲು ಹಾಕಿದ ವರ್ಷ
ನಮ್ಮವ್ವನಿಗೆ ಭಕ್ತಿ ಹೆಚ್ಚಾಯಿತು.
ಮೊದಲು ಸೋಮವಾರವೊಂದೇ ಇತ್ತು, ಶಿವನ ಒಪ್ಪತ್ತು.
ದೀಪಾವಳಿ ಕಳೆದ ಮೇಲೆ ಶನಿವಾರ, ಹನುಮಪ್ಪನದು.
ಸಂಕ್ರಾಂತಿ ಹೊತ್ತಿಗೆ ದುಗ್ಗಮ್ಮನಿಗೆ ಮಂಗಳವಾರ,
ಆಮೇಲೆ ಯಾರೋ ಹೇಳಿದರೆಂದು ಗುರುವಾರ.
ನಾವು ಮೂವರು ಮಕ್ಕಳು ತಾಟು ಬಳಿದು ನೆಕ್ಕುತ್ತ
ಅವ್ವನ ಪುಣ್ಯ ನಮಗೂ ಬರುತ್ತದೆಂದು ನಂಬಿದ್ದೆವು.
ಬಂದಿತ್ತು ಕೂಡ, ತಾಟಿನಲ್ಲೇ ಇತ್ತು.

ಬುಧವಾರಕ್ಕೆ ನಮ್ಮ ಮನೆಯಲ್ಲಿ ದೇವರಿರಲಿಲ್ಲ.
ಬುಧವಾರ ಅವ್ವ ಅನ್ನುತ್ತಿದ್ದಳು:
'ಯಾಕೋ ಹೊಟ್ಟಿ ಭಾರ ಆಗೇತಿ, ನೀವು ಉಣ್ರಿ.'
ಅವಳಿಗೆ ಓಮಿನಕಾಳು ಹುರಿದು ಕೊಟ್ಟವಳು ನಾನೇ.
ನನಗೆ ಹನ್ನೊಂದು ವರ್ಷ. ಲೆಕ್ಕದಲ್ಲಿ ಜಾಣೆ ಅನ್ನುತ್ತಿದ್ದರು.

'ಏನವ್ವ, ಬರ್ಕೊಂಡ್ಯಾ?' ಅಂದಳು ಜೈತುನ್‌ಬಿ,
ಅಂದು ಚೊಂಬಿನಲ್ಲಿ ನೀರು, ತಟ್ಟೆಯಲ್ಲಿ
ಒಂದು ಹಿಡಿ ಮಂಡಕ್ಕಿ, ಬೆಲ್ಲದ ಚೂರು ತಂದಿಟ್ಟಳು.
ತಾನು ಮುಟ್ಟಲಿಲ್ಲ. ಕಾರಣ ಕೇಳಲಿಲ್ಲ ನಾನು.
ತಿಂದೆ. ಬೇಡ ಅನ್ನುವುದು ಆ ಮನೆಯಲ್ಲಿ ಅವಳ ಹಕ್ಕು.

ಪುಟ ಹದಿನಾಲ್ಕನ್ನು ಮೀರಲಿಲ್ಲ.
'ಇಲ್ಲ' ಎಂದೇ ಒತ್ತಿದೆ,
ಸರಕಾರದ ಲೆಕ್ಕದಲ್ಲಿ ಅವಳು ಉಂಡವಳು.
ಕೊನೆಯಲ್ಲಿ ಷರಾ ಬರೆಯಲು ಪುಟ್ಟ ಚೌಕ,
ಯಾರೂ ತುಂಬದ್ದು. ಅಲ್ಲಿ ಬರೆದೆ: ಬುಧವಾರ.
ಮುಂದಿನ ಮನೆಗೂ ಬರೆದೆ. ಅದರಾಚೆಯದಕ್ಕೂ.

ಸಂಜೆ ಸೂಪರ್‌ವೈಸರ್ ಫೋನು:
'ಇದೇನ್ರೀ, ಹತ್ತೊಂಬತ್ತು ಫಾರಂನಲ್ಲಿ ಬುಧವಾರ?
ಇವತ್ತು ಶುಕ್ರವಾರ. ತಪ್ಪಿ ಬಿದ್ದೈತಾ?'

ಗೊತ್ತು ಸಾರ್, ಅಂದೆ.
ಅಳಿಸಬೇಡಿ.